ಸೋಲಾರ್ ಕೋಲ್ಡ್ ರೂಮ್ ಕಂಪನಿಗೆ ವಿಸಿ (ವೆಂಚರ್ ಕ್ಯಾಪಿಟಲ್) ದುಡ್ಡು ತಗೊಳ್ಳೋದಾ ಬೇಡ್ವಾ? ಟರ್ಮ್ ಶೀಟ್ (ಷರತ್ತುಗಳ ಕಾಗದ) ಕೈಗೆ ಬಂದಿದೆ, ತಲೆ ಕೆಟ್ಟಿದೆ

ನರಸಾಪುರ_ಶೆಡ್
ಎಲ್ಲರಿಗೂ ನಮಸ್ಕಾರ. ನಾವು ಮೂವರು ಸ್ನೇಹಿತರು ಸೇರಿ ಕೋಲಾರದ ಕಡೆ ಸೋಲಾರ್ ಕೋಲ್ಡ್ ರೂಮ್ ಮಾಡುತ್ತೇವೆ. ಒಂದು ರೂಮಿಗೆ 5 ಟನ್ ಮಾಲು ಹಿಡಿಯುತ್ತದೆ. ಬ್ಯಾಟರಿ ಇಲ್ಲ. ಹಗಲು ಬಿಸಿಲಿದ್ದಾಗ ಕಂಪ್ರೆಸರ್ ಓಡಿ, ಗೋಡೆಗೆ ಜೋಡಿಸಿದ ಪ್ಲೇಟ್‌ಗಳ ಒಳಗಿನ ದ್ರಾವಣವನ್ನು ಗಟ್ಟಿ ಮಾಡುತ್ತದೆ. ರಾತ್ರಿ ಅದು ನಿಧಾನಕ್ಕೆ ಕರಗುತ್ತಾ ರೂಮನ್ನು ತಂಪಾಗಿಡುತ್ತದೆ. ಹಳ್ಳಿಯಲ್ಲಿ ತ್ರೀ ಫೇಸ್ ಕರೆಂಟ್ ಸಿಗೋದೇ ದಿನಕ್ಕೆ 7 ಗಂಟೆ, ಅದೂ ಯಾವ ಹೊತ್ತಿಗೋ. ಅದಕ್ಕೇ ಈ ದಾರಿ.

ಇದುವರೆಗೆ ಸರ್ಕಾರದ ಎಲಿವೇಟ್ ಗ್ರಾಂಟ್ ಮತ್ತು ಮನೆಯವರ ದುಡ್ಡಿನಲ್ಲಿ ನಡೆದಿದೆ. 31 ರೂಮ್ ಮಾರಿದ್ದೇವೆ. ಮಾಡೋಕೆ ₹10 ಲಕ್ಷ ಬೀಳುತ್ತದೆ, ₹13 ಲಕ್ಷಕ್ಕೆ ಕೊಡುತ್ತೇವೆ. ಈಗ ಬೆಂಗಳೂರಿನ ಒಂದು ಕ್ಲೈಮೇಟ್ ಫಂಡ್, ಅಂದರೆ ಹಸಿರು ಕಂಪನಿಗಳ ಪಾಲು ಕೊಂಡು ದುಡ್ಡು ಹಾಕುವ ವಿಸಿ, ₹5 ಕೋಟಿ ಹಾಕುತ್ತೇವೆ, 20% ಷೇರು ಕೊಡಿ ಎಂದಿದೆ. ಎರಡು ಷರತ್ತು. ಮಾರೋದು ಕಡಿಮೆ ಮಾಡಿ ರೂಮನ್ನು ನಾವೇ ಇಟ್ಟುಕೊಂಡು ಕ್ರೇಟ್ ಲೆಕ್ಕದಲ್ಲಿ ಬಾಡಿಗೆಗೆ ಕೊಡಬೇಕು. 18 ತಿಂಗಳಲ್ಲಿ 300 ರೂಮ್ ಆಗಬೇಕು.

ಒಬ್ಬ ಪಾರ್ಟ್ನರ್ ತಗೊಳ್ಳೋಣ ಅಂತಾನೆ. ಇನ್ನೊಬ್ಬ ಸುಮ್ಮನಿದ್ದಾನೆ. ನನ್ನ ಮಾವ, ಬ್ಯಾಂಕಿನಲ್ಲಿ ಇದ್ದವರು, ಸಾಲ ಮಾಡಿ ಆದರೆ ಪಾಲು ಕೊಡಬೇಡಿ ಅಂತಾರೆ. ನೀವೇನಂತೀರಿ?

ಗಾಳಿಗಿರಣಿ
ತಗೊಳ್ಳಿ ಗುರು. ₹5 ಕೋಟಿ ಯಾರು ಕೊಡ್ತಾರೆ ಈ ಕಾಲದಲ್ಲಿ?

ಲೆಕ್ಕಪತ್ರ
@ಗಾಳಿಗಿರಣಿ ಒಂದು ನಿಮಿಷ. ಲೆಕ್ಕ ಹಾಕೋಣ. ಬಾಡಿಗೆಗೆ ಕೊಡಬೇಕಂದ್ರೆ ರೂಮಿನ ಖರ್ಚು ಇವರೇ ಹಾಕಬೇಕು. ಒಂದಕ್ಕೆ ₹10 ಲಕ್ಷ. ₹5 ಕೋಟಿ ಪೂರ್ತಿ ಸುರಿದರೂ 50 ರೂಮ್. ಸಂಬಳ, ಸರ್ವಿಸ್ ಗಾಡಿ, ಶೆಡ್ ಬಾಡಿಗೆ ಇನ್ನೂ ಸೇರಿಸಿಲ್ಲ. 300 ರೂಮಿಗೆ ಬೇಕಾಗಿರೋದು ₹30 ಕೋಟಿ. ಉಳಿದ ₹25 ಕೋಟಿ ಎಲ್ಲಿಂದ ಬರುತ್ತೆ ಅಂತ ಟರ್ಮ್ ಶೀಟ್‌ನಲ್ಲಿ ಬರೆದಿದ್ದಾರಾ?

ಬರೆದಿರಲ್ಲ. ಇನ್ನೊಂದು ರೌಂಡ್ ಎತ್ತಬೇಕು, ಅಂದ್ರೆ ಮತ್ತೆ ಪಾಲು ಮಾರಿ ದುಡ್ಡು ತರಬೇಕು ಅನ್ನೋದೇ ಉತ್ತರ. ಆಗ ನಿಮ್ಮ ಮೂವರ ಪಾಲು ಇನ್ನಷ್ಟು ಕರಗುತ್ತೆ. ಮಾರುಕಟ್ಟೆ ಬಿದ್ದಿದ್ದರೆ ರೌಂಡೇ ಆಗಲ್ಲ.

ನರಸಾಪುರ_ಶೆಡ್
@ಲೆಕ್ಕಪತ್ರ ಸರ್, "ಮುಂದಿನ ರೌಂಡಿಗೆ ನಾವು ಜೊತೆಗಿರ್ತೀವಿ" ಅಂತ ಬಾಯಲ್ಲಿ ಹೇಳಿದ್ದಾರೆ.

ಲೆಕ್ಕಪತ್ರ
ಬಾಯಲ್ಲಿ.

ಫ್ರೀಮಾಂಟ್_ಕನ್ನಡಿಗ
ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಈ ಸಿನಿಮಾ ಆಗಲೇ ಒಂದು ಸಲ ಓಡಿದೆ. 2006ರಿಂದ 2011ರವರೆಗೆ ಅಮೆರಿಕದ ವಿಸಿಗಳು ಸೋಲಾರ್, ಬ್ಯಾಟರಿ ಥರದ ಕ್ಲೀನ್‌ಟೆಕ್‌ಗೆ ಸುಮಾರು 2,500 ಕೋಟಿ ಡಾಲರ್ ಸುರಿದರು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ದುಡ್ಡು ಮುಳುಗಿತು. ಎಂಐಟಿಯವರು 2016ರಲ್ಲಿ ಇದರ ಬಗ್ಗೆ ವರದಿಯನ್ನೇ ಬರೆದರು. ಹೊಸ ಮಟೀರಿಯಲ್, ಹೊಸ ಕೆಮಿಸ್ಟ್ರಿ ಅಂತ ಹೋದ ಕಂಪನಿಗಳೇ ಜಾಸ್ತಿ ಮುಳುಗಿದ್ದು. ಸಾಫ್ಟ್‌ವೇರ್ ಮಾಡಿದವರು ತಕ್ಕಮಟ್ಟಿಗೆ ಬಚಾವಾದರು.

ಸೊಲಿಂಡ್ರಾ ಹೆಸರು ಕೇಳಿರ್ತೀರಿ. ನಮ್ಮೂರಿನ ಕಂಪನಿಯೇ. ಅವರ ಪ್ಯಾನೆಲ್ ಚಪ್ಪಟೆ ಹಾಳೆ ಅಲ್ಲ, ಟ್ಯೂಬ್‌ಲೈಟ್ ಥರ ಕೊಳವೆ. ಸಿಲಿಕಾನ್ ಬೇಕಾಗಿರಲಿಲ್ಲ. 2008ರಲ್ಲಿ ಮಾಮೂಲಿ ಪ್ಯಾನೆಲ್ಲಿಗೆ ಬೇಕಾದ ಪಾಲಿಸಿಲಿಕಾನ್ ರೇಟು ಕಿಲೋಗೆ 400 ಡಾಲರ್ ದಾಟಿತ್ತು, ಆಗ ಆ ಐಡಿಯಾ ಜಾಣತನ ಅನಿಸಿತ್ತು. ಆಮೇಲೆ ರೇಟು ಕುಸಿದು ಬಿತ್ತು, ಚೀನಾದ ಪ್ಯಾನೆಲ್ ಅಗ್ಗವಾಯ್ತು, ಇವರ ಕೊಳವೆ ಕೇಳೋರೇ ಇಲ್ಲ. ಸರ್ಕಾರ 53.5 ಕೋಟಿ ಡಾಲರ್ ಸಾಲಕ್ಕೆ ಗ್ಯಾರಂಟಿ ನಿಂತಿತ್ತು. 2011ರ ಸೆಪ್ಟೆಂಬರ್‌ನಲ್ಲಿ ದಿವಾಳಿ.

ನಾನು ಆಗ ಬೇರೊಂದು ಸಣ್ಣ ಸೋಲಾರ್ ಕಂಪನಿಯಲ್ಲಿದ್ದೆ. ನಮ್ಮದೂ ಅದೇ ಕಥೆ. ಸೋಮವಾರ ಬೆಳಿಗ್ಗೆ ಹೋದರೆ ಬ್ಯಾಡ್ಜ್ ತಟ್ಟಿದ್ರೂ ಬಾಗಿಲು ತೆಗೀಲಿಲ್ಲ. ನನ್ನ ಊಟದ ಡಬ್ಬಿ ಒಳಗಿನ ಫ್ರಿಜ್ಜಲ್ಲೇ ಉಳೀತು.

ಬೊಮ್ಮಸಂದ್ರ_ಬಸವ
ಫ್ರೀಮಾಂಟ್‌ವರೆಗೆ ಯಾಕೆ ಹೋಗ್ತೀರಿ? ನಮ್ಮ ಬೊಮ್ಮಸಂದ್ರದ ರೇವಾ ಮರೆತುಬಿಟ್ರಾ? 2001ರಲ್ಲೇ ಎಲೆಕ್ಟ್ರಿಕ್ ಕಾರು ರಸ್ತೆಗೆ ಬಿಟ್ಟವರು. ಲಂಡನ್ನಿನಲ್ಲಿ ಜಿ-ವಿಜ್ ಅಂತ ಓಡ್ತಿತ್ತು. 2006ರ ಕೊನೆಗೆ ಅಮೆರಿಕದ ಡ್ರೇಪರ್ ಫಿಶರ್ ಜುರ್ವೆಟ್ಸನ್ ಮತ್ತು ಗ್ಲೋಬಲ್ ಎನ್ವಿರಾನ್ಮೆಂಟ್ ಫಂಡ್ ಸೇರಿ 2 ಕೋಟಿ ಡಾಲರ್ ಹಾಕಿದವು. 2010ರಲ್ಲಿ ಮಹೀಂದ್ರಾ ದೊಡ್ಡ ಪಾಲು ಕೊಂಡಿತು. ಕಾರು ಕೆಟ್ಟದ್ದಾಗಿರಲಿಲ್ಲ, ಕಾಲ ಬಂದಿರಲಿಲ್ಲ. ಆಗ ಲಿಥಿಯಂ ಬ್ಯಾಟರಿ ಕಿಲೋವ್ಯಾಟ್ ಅವರ್‌ಗೆ 1,000 ಡಾಲರಿಗೂ ಜಾಸ್ತಿ. 2024ಕ್ಕೆ ಅದು 115 ಡಾಲರ್.

ಚಹಾ_ಸಾಕು
ನಮ್ಮ ಪಕ್ಕದ ಬೀದಿ ಡಾಕ್ಟ್ರ ಹತ್ರ ಕೆಂಪು ರೇವಾ ಇತ್ತು. ಸಿಗ್ನಲ್ಲಿನಲ್ಲಿ ಬಸ್ಸಿನವರು ಕೆಳಗೆ ಬಗ್ಗಿ ನೋಡೋರು 😄

ಗಾಳಿಗಿರಣಿ
ಎಲ್ಲರೂ ಸೋತವರ ಕಥೆನೇ ಹೇಳ್ತೀರಲ್ಲ. ಎಲೆಕ್ಟ್ರಿಕ್ ಸ್ಕೂಟರಿನ ಏಥರ್ ಏನಾಯ್ತು? 2013ರಲ್ಲಿ ಐಐಟಿ ಮದ್ರಾಸಿನ ಇಬ್ಬರು ಹುಡುಗರು ಶುರು ಮಾಡಿದ್ದು. 2014ರಲ್ಲಿ ಫ್ಲಿಪ್‌ಕಾರ್ಟ್‌ನ ಬನ್ಸಲ್‌ಗಳು 10 ಲಕ್ಷ ಡಾಲರ್ ಕೊಟ್ಟರು. 2015ರಲ್ಲಿ ಟೈಗರ್ ಗ್ಲೋಬಲ್ 1.2 ಕೋಟಿ ಡಾಲರ್. 2016ರಲ್ಲಿ ಹೀರೋ ₹205 ಕೋಟಿ. ಆ ದುಡ್ಡು ಇಲ್ಲದಿದ್ದರೆ ಆ ಸ್ಕೂಟರ್ ಹುಟ್ಟುತ್ತಿತ್ತಾ? ಯಾವ ಬ್ಯಾಂಕ್ ಮ್ಯಾನೇಜರ್ ಇಬ್ಬರು ಹುಡುಗರ ಡ್ರಾಯಿಂಗ್ ನೋಡಿ ಸಾಲ ಕೊಡ್ತಾನೆ?

ಲೆಕ್ಕಪತ್ರ
ನೀವೇ ನನ್ನ ಮಾತು ಹೇಳಿದಿರಿ. ಅವರಿಗೆ ಆ ದುಡ್ಡು ಬೇಕಾಗಿದ್ದು ವಸ್ತುವನ್ನು ಕಂಡುಹಿಡಿಯೋಕೆ. ಬ್ಯಾಟರಿ ಪ್ಯಾಕ್, ಮೋಟರ್ ಕಂಟ್ರೋಲರ್, ಡ್ಯಾಶ್‌ಬೋರ್ಡ್ ಎಲ್ಲ ಮೊದಲಿಂದ ಮಾಡಿದರು. ಮೊದಲ ಸ್ಕೂಟರ್ ಗಿರಾಕಿ ಕೈಗೆ ಹೋಗಿದ್ದು 2018ರಲ್ಲಿ. ಐದು ವರ್ಷ ಆದಾಯವೇ ಇಲ್ಲದೆ ಸಂಶೋಧನೆ. ಅಂಥದ್ದಕ್ಕೆ ವಿಸಿ ಬಿಟ್ಟರೆ ಗತಿಯಿಲ್ಲ, ಒಪ್ಪುತ್ತೇನೆ. ಆದರೆ ಸ್ಕೂಟರನ್ನು ಏಥರ್ ತಾನೇ ಇಟ್ಟುಕೊಂಡು ಬಾಡಿಗೆಗೆ ಬಿಡಲಿಲ್ಲ. ಕೊಂಡವನು ಬ್ಯಾಂಕಿನಲ್ಲಿ ಇಎಂಐ ಮಾಡಿಕೊಂಡ. ಇಲ್ಲಿ ಇವರ ವಸ್ತು ಆಗಲೇ ತಯಾರಿದೆ, ಮಾರಾಟವೂ ಆಗ್ತಿದೆ. ಫಂಡಿನವರು ಹೇಳ್ತಿರೋದು ಪಾಲು ಮಾರಿ ಬಂದ ದುಡ್ಡನ್ನು ತಗಡು, ಪ್ಯಾನೆಲ್ಲು, ಕಂಪ್ರೆಸರಿಗೆ ಹಾಕಿ ಅಂತ. ಅದು ಸಾಲದ ದುಡ್ಡು ಮಾಡಬೇಕಾದ ಕೆಲಸ.

ಇನ್ನೊಂದು. ಏಥರ್ ಷೇರುಪೇಟೆಗೆ ಬಂದಿದ್ದು 2025ರ ಮೇನಲ್ಲಿ. ಟೈಗರ್ ದುಡ್ಡು ಹಾಕಿ ಹತ್ತು ವರ್ಷ ಆಗಿತ್ತು. ಸಾಮಾನ್ಯವಾಗಿ ಒಂದು ವಿಸಿ ಫಂಡಿನ ಪೂರ್ತಿ ಆಯಸ್ಸೇ ಹತ್ತು ವರ್ಷ, ಎಳೆದರೆ ಹನ್ನೆರಡು. ನಿಮ್ಮ ಫಂಡ್ ಶುರುವಾಗಿ ಎಷ್ಟು ವರ್ಷ ಆಯ್ತು ಅಂತ ಮೊದಲು ಕೇಳಿ. ಆಗಲೇ ಐದು ವರ್ಷ ಕಳೆದಿದ್ದರೆ ಇನ್ನು ಮೂರು ನಾಲ್ಕು ವರ್ಷದಲ್ಲಿ ಕಂಪನಿ ಮಾರಿ ಅಂತ ಶುರು ಮಾಡ್ತಾರೆ. ನೀವು ಸರ್ವಿಸ್ ಸೆಂಟರ್ ತೆಗೀಬೇಕು ಅಂತಿರ್ತೀರಿ, ಅವರು ಕಂಪನಿ ಕೊಳ್ಳೋ ಗಿರಾಕಿಯನ್ನ ಹುಡುಕ್ತಿರ್ತಾರೆ. ಎತ್ತು ಏರಿಗೆಳೀತು, ಕೋಣ ನೀರಿಗೆಳೀತು.

ಬೊಮ್ಮಸಂದ್ರ_ಬಸವ
ಏಥರ್ ಹೊಸೂರಿಗೆ ಹೋಯ್ತು, ಓಲಾ ಕೃಷ್ಣಗಿರಿಗೆ ಹೋಯ್ತು. ಐಡಿಯಾ ಬೆಂಗಳೂರಿನದ್ದು, ಫ್ಯಾಕ್ಟರಿ ತಮಿಳುನಾಡಿಗೆ. ಇದರ ಬಗ್ಗೆ ಯಾರೂ ಮಾತಾಡಲ್ಲ.

ಚಹಾ_ಸಾಕು
ಶುರುವಾಯ್ತು ನೋಡಿ.

ಗಾಳಿಗಿರಣಿ
ಹೊಸೂರಿನಲ್ಲಿ ಟಿವಿಎಸ್ ಇದೆ, ಬಿಡಿಭಾಗ ಮಾಡೋರು ಬೀದಿಗೊಬ್ಬರು ಇದ್ದಾರೆ, ಜಾಗ ಬೇಗ ಸಿಗುತ್ತೆ. ನಮ್ಮಲ್ಲಿ ಒಂದು ಎಕರೆ ಕನ್ವರ್ಷನ್ ಮಾಡಿಸೋಕೆ ಹೋಗಿ ನೋಡಿ, ಆಮೇಲೆ ಮಾತಾಡಿ.

ಬೊಮ್ಮಸಂದ್ರ_ಬಸವ
ಅದನ್ನೇ ಹೇಳ್ತಿರೋದು ನಾನೂ!

ಮಾಡರೇಟರ್
ಹೊಸೂರು ಚರ್ಚೆಗೆ ಬೇರೆ ಥ್ರೆಡ್ ತೆಗೆಯಿರಿ. ಹಳೆಯದು ಒಂದು ಇದೆ, ಇನ್ನೂ ಉರಿಯುತ್ತಲೇ ಇದೆ.

ಷರತ್ತು_ಓದಿ
ವಕೀಲೆ ನಾನು, ಇಂಥ ಕಾಗದಗಳೇ ನನ್ನ ದಿನದ ಕೆಲಸ. @ನರಸಾಪುರ_ಶೆಡ್, ಲಿಕ್ವಿಡೇಶನ್ ಪ್ರಿಫರೆನ್ಸ್ ಅಂತ ಒಂದು ಕಲಂ ಇರುತ್ತೆ, ಕಂಪನಿ ಮಾರಿದಾಗ ಯಾರಿಗೆ ಮೊದಲು ಎಷ್ಟು ಅನ್ನೋದು. ಅದರಲ್ಲಿ "ಪಾರ್ಟಿಸಿಪೇಟಿಂಗ್" ಅನ್ನೋ ಪದ ಇದೆಯಾ ನೋಡಿ ಹೇಳಿ.

ನರಸಾಪುರ_ಶೆಡ್
ಇದೆ ಮೇಡಂ. "1ಎಕ್ಸ್ ಪಾರ್ಟಿಸಿಪೇಟಿಂಗ್".

ಷರತ್ತು_ಓದಿ
ಹಾಗಾದ್ರೆ ಕೇಳಿ. ನಾಳೆ ಯಾರೋ ನಿಮ್ಮ ಕಂಪನಿಯನ್ನು ₹30 ಕೋಟಿಗೆ ಕೊಂಡರು ಅಂದುಕೊಳ್ಳಿ. ಆ ಪದ ಇಲ್ಲದಿದ್ದರೆ ಫಂಡಿನವರು ಎರಡರಲ್ಲಿ ಒಂದು ಆರಿಸಬೇಕು. ಹಾಕಿದ ₹5 ಕೋಟಿ ವಾಪಸ್, ಇಲ್ಲವೇ 20% ಲೆಕ್ಕದಲ್ಲಿ ₹6 ಕೋಟಿ. ₹6 ಕೋಟಿ ತಗೋತಾರೆ, ನಿಮಗೆ 24 ಉಳಿಯುತ್ತೆ. ಆ ಪದ ಇದ್ದರೆ ಮೊದಲು ₹5 ಕೋಟಿ ಎತ್ತಿಕೊಳ್ತಾರೆ, ಉಳಿದ 25ರಲ್ಲಿ ಮತ್ತೆ 20%, ಅಂದ್ರೆ ಇನ್ನೊಂದು 5. ಒಟ್ಟು ₹10 ಕೋಟಿ. ನಿಮಗೆ 20. ಒಂದೇ ಪದಕ್ಕೆ ₹4 ಕೋಟಿ.

"ನಾನ್ ಪಾರ್ಟಿಸಿಪೇಟಿಂಗ್" ಮಾಡಿ ಅಂತ ಕೇಳಿ. ಮುಖ ಗಂಟಿಕ್ಕಿದ್ರೂ ಪರವಾಗಿಲ್ಲ, ತುಂಬಾ ಜನ ಒಪ್ಪುತ್ತಾರೆ. ಆ 300 ರೂಮಿನ ಗುರಿ ಮುಟ್ಟದಿದ್ದರೆ ಏನಾಗುತ್ತೆ ಅನ್ನೋದನ್ನೂ ನೋಡಿ. ದುಡ್ಡು ಕಂತಿನಲ್ಲಿ ಬರೋದಾದ್ರೆ ಎರಡನೇ ಕಂತು ನಿಲ್ಲುತ್ತಾ? ನಿಮ್ಮ ಷೇರು ಕಿತ್ತುಕೊಳ್ಳೋ ಅವಕಾಶ ಇದೆಯಾ? ಓದದೆ ಸಹಿ ಹಾಕಬೇಡಿ.

ಫ್ರೀಮಾಂಟ್_ಕನ್ನಡಿಗ
ಈ ಒಂದು ಪೋಸ್ಟಿಗೇ ಇಲ್ಲಿ ವಕೀಲರು ಗಂಟೆಗೆ 800 ಡಾಲರ್ ಕೇಳ್ತಾರೆ ಮೇಡಂ.

ತೋಟದಮನೆ
ನಾನು ಮಾಲೂರು ಕಡೆ ರೈತ. ಟೊಮೆಟೊ, ಸ್ವಲ್ಪ ಗುಲಾಬಿ. ಇಷ್ಟೊತ್ತು ಸುಮ್ನೆ ಓದ್ತಿದ್ದೆ. ನೀವೆಲ್ಲ ದುಡ್ಡು ಎಲ್ಲಿಂದ ಬರುತ್ತೆ ಅಂತ ಜಗಳ ಆಡ್ತಿದ್ದೀರಿ. ನಾನು ಯಾಕೆ ಬಾಡಿಗೆ ಕೊಡಬೇಕು ಅಂತ ಯಾರಾದ್ರೂ ಕೇಳಿದ್ರಾ? ಕ್ರೇಟಿಗೆ ದಿನಕ್ಕೆ ಎಷ್ಟು ಅಂದುಕೊಂಡಿದ್ದೀರಿ ತಮ್ಮಾ?

ನರಸಾಪುರ_ಶೆಡ್
@ತೋಟದಮನೆ ಅಣ್ಣ, ₹8 ಅಂದುಕೊಂಡಿದ್ದೇವೆ. 250 ಕ್ರೇಟ್ ಹಿಡಿಯುತ್ತೆ.

ತೋಟದಮನೆ
ಐದು ದಿನ ಇಟ್ರೆ ₹40. ರೇಟು ಬಿದ್ದಾಗ 15 ಕಿಲೋ ಬಾಕ್ಸಿಗೆ ನೂರು ರೂಪಾಯಿ ಸಿಗೋದೂ ಕಷ್ಟ. ಅದರಲ್ಲಿ ನಲವತ್ತು ನಿಮಗೆ ಕೊಟ್ಟು, ರೇಟು ಏರುತ್ತೆ ಅಂತ ಕಾಯೋಕೆ ನನಗೆ ಧೈರ್ಯ ಇಲ್ಲ. ಏರಲಿಲ್ಲ ಅಂದ್ರೆ? ಕಿತ್ತ ಕೂಲಿಯೂ ಹುಟ್ಟಲ್ಲ. ಇನ್ನು 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ ಬಾಕ್ಸ್ ₹2,000 ದಾಟಿತ್ತಲ್ಲ, ಆಗ ಯಾರೂ ಕೋಲ್ಡ್ ರೂಮಲ್ಲಿ ಇಡಲಿಲ್ಲ. ತೋಟದಲ್ಲಿ ಕಾವಲು ಹಾಕಿ, ಕಿತ್ತ ತಕ್ಷಣ ಮಂಡಿಗೆ. ರೇಟು ಬಿದ್ದಾಗಲೂ ಬೇಡ, ಏರಿದಾಗಲೂ ಬೇಡ. ಟೊಮೆಟೊಗೆ ನಿಮ್ಮ ಬಾಡಿಗೆ ರೂಮು ನಡೆಯಲ್ಲ.

ಹೂವಿಗೆ ಬೇಕು. ಗುಲಾಬಿ ಬೆಳಿಗ್ಗೆ ಕಿತ್ತು ಸಂಜೆವರೆಗೆ ಗಾಡಿಗೆ ಕಾದ್ರೆ ಅರ್ಧ ಅರಳಿಬಿಡುತ್ತೆ, ಅರಳಿದ್ದನ್ನ ವ್ಯಾಪಾರಿ ಪಕ್ಕಕ್ಕೆ ಎಸೀತಾನೆ. ವರಮಹಾಲಕ್ಷ್ಮಿಗೆ ನಾಲ್ಕು ದಿನ ಮೊದಲಿನಿಂದ ಕೂಡಿಡೋದಾದ್ರೆ ನಾನೇ ಬರ್ತೀನಿ.

ಲೆಕ್ಕಪತ್ರ
ಈ ಥ್ರೆಡ್ಡಿನಲ್ಲಿ ಇದೇ ಮುಖ್ಯವಾದ ಪೋಸ್ಟು. 250 ಕ್ರೇಟು, ₹8, ರೂಮು ಪೂರ್ತಿ ತುಂಬಿದ ದಿನ ₹2,000. ವರ್ಷಕ್ಕೆ 150 ದಿನ ತುಂಬಿದರೆ ₹3 ಲಕ್ಷ. ಬಾಗಿಲು ಕಾಯೋ ಹುಡುಗನಿಗೆ ತಿಂಗಳಿಗೆ ₹10,000 ಅಂದ್ರೂ ₹1.2 ಲಕ್ಷ ಹೋಯ್ತು. ಉಳಿದಿದ್ದು ₹1.8 ಲಕ್ಷ, ರಿಪೇರಿ ಸೇರಿಸಿಲ್ಲ. ₹10 ಲಕ್ಷ ವಾಪಸ್ ಬರೋಕೆ ಐದೂವರೆ ವರ್ಷ. ಇದರ ಮೇಲೆ ಹತ್ತು ಪಟ್ಟು ಲಾಭ ಬೇಕು ಅನ್ನೋ ದುಡ್ಡನ್ನು ಹಾಕಿದರೆ ಯಾರಿಗೆ ಖುಷಿ?

ನರಸಾಪುರ_ಶೆಡ್
@ತೋಟದಮನೆ ಅಣ್ಣ, ನಮ್ಮ 31ರಲ್ಲಿ ಹೂವಿನವರೇ ಜಾಸ್ತಿ ಬಳಸ್ತಿರೋದು, ಅದು ನಿಜ. ಒಂದು ತೊಡಕಿದೆ. ಟೊಮೆಟೊಗೆ 12 ಡಿಗ್ರಿ ಆಸುಪಾಸು ಇರಬೇಕು, 10ಕ್ಕಿಂತ ಕೆಳಗೆ ಹೋದರೆ ಆಮೇಲೆ ಬಣ್ಣ ಸರಿಯಾಗಿ ಬರಲ್ಲ, ರುಚಿ ಕೆಡುತ್ತೆ. ಗುಲಾಬಿಗೆ 2ರಿಂದ 4. ಪ್ಲೇಟಿನ ದ್ರಾವಣ ಒಂದೇ ತಾಪಕ್ಕೆ ಕರಗೋದು. ಹಾಗಾಗಿ ಟೊಮೆಟೊ ರೂಮು, ಹೂವಿನ ರೂಮು ಬೇರೆ ಬೇರೆ. ಹೂವಿನದಕ್ಕೆ ಪ್ಯಾನೆಲ್ ಕೂಡ ಜಾಸ್ತಿ ಬೇಕು.

ತೋಟದಮನೆ
ಹಾಗಾದ್ರೆ ಹೂವಿಂದೇ ಮಾಡಿ. ಇನ್ನೊಂದು ಮಾತು, ಬಾಗಿಲಿನ ರಬ್ಬರ್ ಗಟ್ಟಿ ಹಾಕಿ. ನಮ್ಮ ಪಕ್ಕದ ಊರಲ್ಲಿ ಯಾವುದೋ ಕಂಪನಿಯ ರೂಮ್ ಇದೆ. ಲೋಡ್ ಮಾಡುವಾಗ ಕಲ್ಲು ಕೊಟ್ಟು ಬಾಗಿಲು ತೆರೆದಿಡ್ತಾರೆ. ರಬ್ಬರ್ ಮೂಲೆಯಲ್ಲಿ ಕಿತ್ತು ಜೋತಾಡ್ತಿದೆ. ಒಳಗೆ ಕಾಯಿಲ್ ಮೇಲೆ ಬೆರಳು ದಪ್ಪ ಮಂಜು ಕಟ್ಟಿ, ಫ್ಯಾನು ತಿರುಗಿದ್ರೂ ಗಾಳಿ ಬರಲ್ಲ. ಈಗ ಅದರಲ್ಲಿ ಗೊಬ್ಬರದ ಚೀಲ ಇಟ್ಟಿದ್ದಾರೆ.

ಧಾರವಾಡ_ಪೇಢಾ
ಅಣ್ಣಾವ್ರು ಖರೇ ಹೇಳ್ಯಾರ. ನಾನು ಗ್ರಾಮೀಣ ಬ್ಯಾಂಕಿನ್ಯಾಗ ಇದ್ದೆ, ಈಗ ನಿವೃತ್ತಿ. ನಮ್ಮ ಕಡೆ ಸೆಲ್ಕೋದವರು ಮನಿಗೆ ಸೋಲಾರ್ ದೀಪ ಹಾಕ್ಸೋದು ಶುರು ಮಾಡಿದಾಗ ನಾನೂ ಸಾಲದ ಕಾಗದಕ್ಕ ಸಹಿ ಹಾಕೀನಿ. 1995ರಾಗ ಹರೀಶ್ ಹಂದೆಯವರು ಕಟ್ಟಿದ ಕಂಪನಿ, 2011ರಾಗ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರು ದೀಪ ಬಾಡಿಗೆಗೆ ಕೊಡಲಿಲ್ಲ, ತಮ್ಮ ರೊಕ್ಕ ದೀಪದಾಗ ಹುಗೀಲಿಲ್ಲ. ಗಿರಾಕಿನ್ನ ಬ್ಯಾಂಕಿಗೆ ಕರ್ಕೊಂಡು ಬಂದ್ರು. ದುಡಿದ ರೊಕ್ಕ ಯಾವಾಗ ಕೈಗೆ ಬರ್ತದೋ ಹಂಗ ಕಂತು ಮಾಡಿಸಿದ್ರು. ಮೊದಮೊದಲು ನಮ್ಮ ಮ್ಯಾನೇಜರ್ ಸಾಹೇಬ್ರು ಒಪ್ಪಲೇ ಇಲ್ಲ, ದೀಪಕ್ಕ ಯಾವ ಅಡಮಾನ ಅಂತ. ಹಚ್ಚಿ ತೋರಿಸಿದ ಮ್ಯಾಲೆ ಒಪ್ಪಿದ್ರು.

ಈಗ ನಿಮಗ ಇನ್ನೂ ಸಲೀಸು ಐತ್ರಿ. ಕೇಂದ್ರದ ಕೃಷಿ ಮೂಲಸೌಕರ್ಯ ನಿಧಿ 2020ರಿಂದ ಐತಿ. ₹2 ಕೋಟಿ ತನಕ ಸಾಲಕ್ಕ 3% ಬಡ್ಡಿ ಸಹಾಯ, ಏಳು ವರ್ಷದ ತನಕ. ಕೋಲ್ಡ್ ಸ್ಟೋರೇಜು ಅದರಾಗ ಬರ್ತದ. ರೈತರಿಗೂ ಕೊಡ್ತಾರ, ರೈತರು ಕೂಡಿ ಕಟ್ಟಿದ ಕಂಪನಿ ಅಂದ್ರ ಎಫ್‌ಪಿಒಗೂ ಕೊಡ್ತಾರ. ಹೂವಿನ ಎಫ್‌ಪಿಒ ಒಂದು ನಾಲ್ಕು ರೂಮ್ ಸಾಲದಾಗ ತಗೊಂಡ್ರ ನಿಮ್ಮ ರೊಕ್ಕ ಒಂದು ಪೈಸಾ ಸಿಕ್ಕಿಹಾಕ್ಕೊಳ್ಳಂಗಿಲ್ಲ.

ಗಾಳಿಗಿರಣಿ
ಸರ್, ಗೌರವದಿಂದಲೇ ಹೇಳ್ತೀನಿ. ಒಂದೊಂದೇ ಬ್ಯಾಂಕ್ ಶಾಖೆ ಸುತ್ತಿ ಒಂದೊಂದೇ ರೂಮ್ ಮಾರಿದ್ರೆ ಈ ಕಂಪನಿ ಹತ್ತು ವರ್ಷಕ್ಕೂ 300 ಮುಟ್ಟಲ್ಲ. ಪುಣೆಯ ಇಕೋಜೆನ್ ನೋಡಿ. ಅದೇ ಸೋಲಾರ್ ಕೋಲ್ಡ್ ರೂಮ್, ಜೊತೆಗೆ ಸೋಲಾರ್ ಪಂಪಿನ ಕಂಟ್ರೋಲರ್. ವಿಸಿ ದುಡ್ಡು ತಗೊಂಡೇ ಬೆಳೆದರು. ಇವರು ಹಿಂದೆ ಸರಿದರೆ ಕೋಲಾರಕ್ಕೂ ಅವರೇ ಬರ್ತಾರೆ.

ಲೆಕ್ಕಪತ್ರ
ಒಳ್ಳೆ ಉದಾಹರಣೆ. ಅವರು ಬರೀ ಕೋಲ್ಡ್ ರೂಮ್ ನಂಬಿಕೊಂಡಿಲ್ಲ. ರೈತರಿಗೆ ಸೋಲಾರ್ ಪಂಪು ಕೊಡೋ ಕೇಂದ್ರದ ಕುಸುಮ್ ಯೋಜನೆಯಲ್ಲಿ ಪಂಪು ಲಕ್ಷಗಟ್ಟಲೆ ಹೋಗುತ್ತೆ, ಕಂಟ್ರೋಲರ್ ಒಂದೇ ಡಿಸೈನು, ಪೆಟ್ಟಿಗೆಯಲ್ಲಿ ಹಾಕಿ ಕಳಿಸಬಹುದು. ವಿಸಿ ದುಡ್ಡಿಗೆ ಹೊಂದೋದು ಅಂಥ ವಸ್ತು. ಪಾಲಿನ ಜೊತೆ ಸಾಲವನ್ನೂ ತಗೊಂಡಿದ್ದಾರೆ ಅನ್ನೋದನ್ನ ಸೇರಿಸಿ.

ಬೊಮ್ಮಸಂದ್ರ_ಬಸವ
ಸರ್ಕಾರಿ ಸಬ್ಸಿಡಿ ನಂಬಿದರೂ ಅಷ್ಟೇ. 2023ರ ಜೂನ್‌ನಲ್ಲಿ ಎಲೆಕ್ಟ್ರಿಕ್ ಸ್ಕೂಟರಿಗೆ ಕೇಂದ್ರ ಕೊಡುತ್ತಿದ್ದ ಫೇಮ್ ಸಬ್ಸಿಡಿ ಬ್ಯಾಟರಿಯ ಕಿಲೋವ್ಯಾಟ್ ಅವರ್‌ಗೆ ₹15,000 ಇದ್ದದ್ದು ₹10,000 ಆಯ್ತು. ಮಿತಿ ಬೆಲೆಯ 40% ಇದ್ದದ್ದು 15%. ಒಂದೇ ಏಟಿಗೆ ಎಷ್ಟು ಕಂಪನಿಗಳ ಲೆಕ್ಕ ತಲೆಕೆಳಗಾಯ್ತು. ನನ್ನ ತಮ್ಮನ ವರ್ಕ್‌ಶಾಪ್ ಒಂದು ಇಲಾಖೆಗೆ ಸೋಲಾರ್ ಸ್ಟ್ಯಾಂಡ್ ಮಾಡಿಕೊಟ್ಟು ಬಿಲ್ಲಿಗೆ ಇನ್ನೂ ಅಲೆಯುತ್ತಿದೆ. ಕಾನೂನು 45 ದಿನ ಅನ್ನುತ್ತೆ. ಟೇಬಲ್ಲಿನವರು ನಾಳೆ ಬಾ ಅಂತಾರೆ.

ಚಹಾ_ಸಾಕು
ಎಲೆಕ್ಟ್ರಿಕ್ ಟ್ಯಾಕ್ಸಿಯ ಬ್ಲೂಸ್ಮಾರ್ಟ್ ಬಗ್ಗೆ ಯಾರೂ ಹೇಳಲಿಲ್ಲ. ಏರ್‌ಪೋರ್ಟಿಗೆ ಅದರಲ್ಲೇ ಹೋಗ್ತಿದ್ದೆ. 2025ರ ಏಪ್ರಿಲ್‌ನಲ್ಲಿ ಆ್ಯಪ್ ತೆಗೆದರೆ ಕಾರೇ ಇಲ್ಲ. ಅದೂ ವಿಸಿ ದುಡ್ಡಿನ ಕಥೆ ಅಲ್ವಾ?

ಷರತ್ತು_ಓದಿ
@ಚಹಾ_ಸಾಕು ಅದು ಬೇರೆ ಥರ. ಬ್ಲೂಸ್ಮಾರ್ಟ್‌ನಲ್ಲಿ ಹೂಡಿಕೆದಾರರ ಪಾಲು ಇತ್ತು, ಆದರೆ ಕಾರುಗಳನ್ನು ಜೆನ್ಸಾಲ್ ಅನ್ನೋ ಸೋದರ ಕಂಪನಿ ಸರ್ಕಾರಿ ಸಂಸ್ಥೆಗಳ ಸಾಲದಲ್ಲಿ ಕೊಂಡು ಲೀಸ್‌ಗೆ ಕೊಡುತ್ತಿತ್ತು. ಷೇರುಪೇಟೆ ನಿಯಂತ್ರಕ ಸೆಬಿಯ ಮಧ್ಯಂತರ ಆದೇಶದ ಪ್ರಕಾರ ಆ ಸಂಸ್ಥೆಗಳಾದ ಇರೇಡಾ ಮತ್ತು ಪಿಎಫ್‌ಸಿಯಿಂದ ₹977.75 ಕೋಟಿ ಸಾಲ, ಅದರಲ್ಲಿ ₹663.89 ಕೋಟಿ ಕಾರಿಗೆ. 6,400 ಕಾರು ಕೊಳ್ಳಬೇಕಿತ್ತು, ಕೊಂಡಿದ್ದು 4,704. ₹262 ಕೋಟಿಗೆ ಲೆಕ್ಕ ಸಿಗಲಿಲ್ಲ. ಹಾಗಾಗಿ ಸಾಲ ಅಂದ ಕೂಡಲೇ ಸೇಫ್ ಅಂತಲೂ ಅಂದುಕೊಳ್ಳಬೇಡಿ. ಯಾವ ದುಡ್ಡಾದರೂ ಸರಿ, ಎಲ್ಲಿಗೆ ಹೋಯ್ತು ಅಂತ ತಿಂಗಳಿಗೊಮ್ಮೆ ಕೇಳೋರು ಬೋರ್ಡಿನಲ್ಲಿ ಇರಬೇಕು. ಒಳ್ಳೆ ವಿಸಿ ಇದನ್ನು ಮಾಡ್ತಾರೆ, ಅದು ಅವರಿಂದ ಸಿಗೋ ನಿಜವಾದ ಲಾಭ.

ಫ್ರೀಮಾಂಟ್_ಕನ್ನಡಿಗ
ಮೇಡಂ ಹೇಳಿದ್ದು ಸರಿ. ಸ್ವೀಡನ್ನಿನ ಬ್ಯಾಟರಿ ಕಂಪನಿ ನಾರ್ತ್‌ವೋಲ್ಟ್ ಹತ್ರ ಸಾಲವೂ ಇತ್ತು, ಪಾಲೂ ಇತ್ತು, ಫೋಕ್ಸ್‌ವ್ಯಾಗನ್ನೂ ಇತ್ತು. ಫ್ಯಾಕ್ಟರಿಯಲ್ಲಿ ಒಳ್ಳೆ ಸೆಲ್ ಹೇಳಿದ ಸಂಖ್ಯೆಯಲ್ಲಿ ಹೊರಗೆ ಬರಲಿಲ್ಲ. 2025ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ. ಬಿಲ್ ಗೇಟ್ಸ್ ಶುರು ಮಾಡಿದ ಬ್ರೇಕ್‌ಥ್ರೂ ಎನರ್ಜಿಯ ಫಂಡಿಗೆ 20 ವರ್ಷದ ಅವಧಿ ಇಟ್ಟಿದ್ದೂ ಇದೇ ಕಾರಣಕ್ಕೆ. ಹತ್ತು ವರ್ಷ ಸಾಲಲ್ಲ ಅಂತ ಅವರಿಗೂ ಗೊತ್ತು.

ನರಸಾಪುರ_ಶೆಡ್
ಎಲ್ಲರಿಗೂ ಥ್ಯಾಂಕ್ಸ್. ಪಾರ್ಟ್ನರ್‌ಗಳಿಗೆ ಥ್ರೆಡ್ ಓದಿಸಿದೆ. ಫಂಡಿನವರಿಗೆ ಹೀಗೆ ಕೇಳೋಣ ಅಂತಿದ್ದೇವೆ: ₹5 ಕೋಟಿ ಬೇಡ, ₹2 ಕೋಟಿ ಸಾಕು. ಹೂವಿನ ರೂಮಿನ ಹೊಸ ಪ್ಲೇಟ್, ದೂರದಿಂದ ತಾಪ ನೋಡೋ ಕಂಟ್ರೋಲರ್, ಎರಡು ಸರ್ವಿಸ್ ತಂಡ. ಇಷ್ಟಕ್ಕೆ ಮಾತ್ರ. ಬಾಡಿಗೆ ಇಲ್ಲ, ಗುರಿ 300 ಅಲ್ಲ 90. ಪಾರ್ಟಿಸಿಪೇಟಿಂಗ್ ತೆಗೀಬೇಕು. ರೂಮುಗಳನ್ನು ಎಫ್‌ಪಿಒಗಳು ಸಾಲದಲ್ಲಿ ಕೊಳ್ಳಲಿ. ಬೇಡ ಅಂದ್ರೆ ಬೇಡ.

ಗಾಳಿಗಿರಣಿ
ಬೇಡ ಅಂತಲೇ ಅಂತಾರೆ. ₹2 ಕೋಟಿ ಚೆಕ್ ಬರೆಯೋಕೂ ₹5 ಕೋಟಿ ಚೆಕ್ ಬರೆಯೋಕೂ ಅವರಿಗೆ ಅಷ್ಟೇ ಕೆಲಸ. 90 ರೂಮಿನ ಕಂಪನಿ ಅವರ ಲೆಕ್ಕಕ್ಕೇ ಬರಲ್ಲ. ನೋಡ್ತಿರಿ.

ಲೆಕ್ಕಪತ್ರ
ಅಂದ್ರೆ ಅನ್ನಲಿ. ಆಗ ಆ ಫಂಡ್ ಈ ಕಂಪನಿಗೆ ಅಲ್ಲ ಅಂತ ಪೈಸೆ ಖರ್ಚಿಲ್ಲದೆ ಗೊತ್ತಾಯ್ತಲ್ಲ.

ಧಾರವಾಡ_ಪೇಢಾ
@ನರಸಾಪುರ_ಶೆಡ್ ಸಾಲಕ್ಕ ಪ್ರಾಜೆಕ್ಟ್ ರಿಪೋರ್ಟ್ ಬರೀವಾಗ ವರ್ಷದಾಗ ಎಷ್ಟು ದಿನ ರೂಮ್ ತುಂಬ್ತದ ಅನ್ನೋದನ್ನ ಹೆಚ್ಚಿಗಿ ತೋರಿಸಬ್ಯಾಡ್ರಿ. ಬ್ಯಾಂಕಿನವರು ಮೊದಲು ನೋಡೋದು ಅದನ್ನ. 300 ದಿನ ಅಂತ ಬರದ್ರ ಅಲ್ಲೇ ನಗ್ತಾರ.

ತೋಟದಮನೆ
ನಮ್ಮ ಎಫ್‌ಪಿಒದಲ್ಲಿ ಗುಲಾಬಿ, ಸೇವಂತಿಗೆ ಬೆಳೆಯೋರು ಸುಮಾರು ಜನ ಇದ್ದೀವಿ. ಮುಂದಿನ ವಾರ ಮೀಟಿಂಗ್ ಇದೆ. ಹೂವಿನ ರೂಮಿಗೆ ಎಷ್ಟಾಗುತ್ತೆ, ಪ್ಯಾನೆಲ್ಲಿಗೆ ಎಷ್ಟು ಜಾಗ ಬೇಕು, ಮೂರು ದಿನ ಮೋಡ ಇದ್ರೆ ಏನು ಗತಿ, ಬರೆದು ಕಳಿಸಿ ತಮ್ಮಾ.

ನರಸಾಪುರ_ಶೆಡ್
ಕಳಿಸ್ತೀನಿ ಅಣ್ಣ. ಮೋಡದ ದಿನಕ್ಕೆ ಕರೆಂಟಿಗೆ ಬದಲಾಯಿಸೋ ಸ್ವಿಚ್ ಇದೆ, ನಿಮ್ಮ ಕಡೆ ತ್ರೀ ಫೇಸ್ ಎಷ್ಟು ಹೊತ್ತಿಗೆ ಬರುತ್ತೆ ಹೇಳಿ.

ತೋಟದಮನೆ
ಈ ವಾರ ರಾತ್ರಿ ಪಾಳಿ.